ಆರು ದೀಪ, ಎರಡು ಬಟನ್, ಹದಿನಾರು ವೈರ್

ಗದಗಿನ್ಯಾಗ ನಮ್ಮಪ್ಪನ ದೋಸ್ತ್ ಒಬ್ಬರದು ಪ್ರಿಂಟಿಂಗ್ ಪ್ರೆಸ್ ಐತಿ, ನಾ ಅವರಿಗೆ ಕಾಕಾ ಅಂತೇನಿ. ಗದಗ ಅಂದ್ರ ಮೊದಲಿಂದನೂ ಪ್ರೆಸ್ಸಿನ ಊರು, ಗೊತ್ತಲ್ಲ. ಲಗ್ನಪತ್ರಿಕಿ, ಕ್ಯಾಲೆಂಡರ್, ಬಿಲ್ ಬುಕ್, ಜಾತ್ರಿ ಹ್ಯಾಂಡ್‌ಬಿಲ್, ಎಲ್ಲಾದರದೂ ಕೋರಲ್‌ಡ್ರಾ ಮತ್ತ ಪೇಜ್‌ಮೇಕರ್ ಫೈಲ್, ಅದೂ ನುಡಿ ಫಾಂಟಿನ್ಯಾಗ, ಕಾಕಾ ಒಂದೂ ಡಿಲೀಟ್ ಮಾಡಾಂಗಿಲ್ಲ. "ತಮ್ಮಾ, ಅಣ್ಣನ ಲಗ್ನದ ಕಾರ್ಡ್ ನಾವ ಮಾಡಿದ್ವಿ, ಈಗ ಅವನ ಮಗಳ ಲಗ್ನಕ್ಕ ಅದ ಡಿಸೈನ್ ಕೊಡ್ರಿ ಅಂತ ಬರ್ತಾರ" ಅಂತಾರ. ಹಿಂಗಾಗಿ ಅಲ್ಲೊಂದು ಫೈಲ್ ಸರ್ವರ್ ಬೇಕಾಬೇಕು.

ಹಳೇದೊಂದು ಇತ್ತು. ಕಟ್ಟಿದಾವ ನಾನ. ಆವಾಗ ಮುಂದಿನ ದೀಪದ ವೈರ್ ಹಚ್ಚಲೇ ಇಲ್ಲ, ಪವರ್ ಬಟನ್ ಒಂದು ಹಚ್ಚಿ ಮುಚ್ಚಳ ಮುಚ್ಚಿಬಿಟ್ಟಿದ್ದೆ, ಹೆಂಗೂ ನಡೀತೈತಿ ಅಂತ. ನಡೀತು ಖರೇ, ಆದ್ರ ಒಳಗ ಒಂದು ಫ್ಯಾನ್ ಯಾವಾಗೋ ನಿಂತಿತ್ತು, ಹೊರಗಿಂದ ನೋಡಿದ್ರ ಏನೂ ಗೊತ್ತಾಗಾಂಗಿಲ್ಲ, ಆಫ್‌ಸೆಟ್ ಮಷಿನ್ ಸಪ್ಪಳದಾಗ ಫ್ಯಾನಿನ ಸಪ್ಪಳ ಯಾರಿಗೆ ಕೇಳಬೇಕು. ಬ್ಯಾಸಿಗ್ಯಾಗ ಎರಡು ಡಿಸ್ಕ್ ಕಾಯ್ದು ಕಾಯ್ದು ಒಂದು ಸತ್ತಹೋತು. ಮಿರರ್ ಇತ್ತು, ಅಂದ್ರ ಎರಡೂ ಡಿಸ್ಕಿನ್ಯಾಗ ಅದ ಫೈಲ್ ಇದ್ವು, ಅಂತ ಫೈಲ್ ಉಳಿದವು, ಇಲ್ಲಂದ್ರ ಕಾಕಾ ನನ್ನ ಹುಬ್ಬಳ್ಳಿ ಮಟ ಅಟ್ಟಿಸ್ಕೊಂಡು ಬರ್ತಿದ್ರು.

ಅದಕ್ಕ ಈ ಸಲ ಶಪಥ ಮಾಡಿದೆ, ಮುಂದಿನ ದೀಪ ಎಲ್ಲಾ ಸರಿಯಾಗಿ ಹತ್ತಬೇಕು ಅಂತ. ನನ್ನ ಸಲುವಾಗಿ ಅಲ್ಲ, ನಾ ಲ್ಯಾಪ್‌ಟಾಪಿನ್ಯಾಗ ನೋಡ್ಕೋತೇನಿ. ಅಲ್ಲಿ ಮುಂದ ಕುಂತ ಆಪರೇಟರ್ ಹುಡುಗ ಫೋನ್ ಮಾಡಿ "ಸರ್, ಕೆಂಪಂದು ಹತ್ತೈತ್ರಿ" ಅನ್ನಬೇಕು, ನಾ ಇಲ್ಲೇ ಕುಂತು ತಿಳ್ಕೋಬೇಕು. ಹುಬ್ಬಳ್ಳಿಯಿಂದ ಗದಗಿಗೆ ಅಣ್ಣಿಗೇರಿ ಮ್ಯಾಲ ಹಾಯ್ದು ಹೋದ್ರ ಹತ್ರ ಹತ್ರ 60 ಕಿಲೋಮೀಟರ್. ಒಂದು ಫ್ಯಾನಿನ ಸಲುವಾಗಿ ಹೋಗಿ ಬಂದ್ರ ಒಂದು ದಿನ ಹೋದಂಗ.

ಸಾಮಾನು ಹಿಂಗ ಕೂಡಿಸಿದೆ. ಬೋರ್ಡ್ ಬೆಂಗಳೂರ್ ಎಸ್.ಪಿ. ರೋಡಿಂದ ಸೆಕೆಂಡ್‌ಹ್ಯಾಂಡ್, ಸೂಪರ್‌ಮೈಕ್ರೊ ಎಕ್ಸ್10 ಸಿರೀಸ್, ಝಿಯಾನ್ ಇ3 ವಿ3 ಪ್ರೊಸೆಸರ್, ಇಸಿಸಿ ರ್‍ಯಾಮ್, ಐಪಿಎಂಐ (ದೂರದಿಂದ ನೆಟ್‌ವರ್ಕ್ ಮ್ಯಾಲ ಮಷಿನ್ ನೋಡಿ ಚಾಲೂ-ಬಂದ್ ಮಾಡೋ ಸೌಲತ್ತು) ಇದ್ದದ್ದು. ಡಬ್ಬಿ ಮಾತ್ರ ಬ್ಯಾರೆ, ಇಲ್ಲೇ ಗೋಕುಲ ರೋಡಿನ ಕಡೆ ಒಂದು ಆಫೀಸ್ ಬಂದ್ ಆದಾಗ ಸಿಕ್ಕ 2ಯು ಕೇಸು, ಹೆಸರಿಲ್ಲ ಕುಲ ಇಲ್ಲ, ಹಿಂದ ಡಿಸ್ಕ್ ಚುಚ್ಚೋ ಬೋರ್ಡ್, ಅಂದ್ರ ಬ್ಯಾಕ್‌ಪ್ಲೇನ್ ಇತ್ತು ಅಂತ ತಗೊಂಡೆ. 2ಯು ಅಂದ್ರ ಎತ್ತರ 88.9 ಮಿಲಿಮೀಟರ್, ಒಂದು ಗೇಣಿನ ಅರ್ಧ ಅನ್ರಿ, ಇದರಾಗ ಕೈ ಹಾಕಿ ಕೆಲಸ ಮಾಡೋದಂದ್ರ ಮಡಕಿ ಒಳಗ ಕೈ ಹಾಕಿ ಬೆಣ್ಣಿ ತಗದಂಗ.

ಕೇಸಿನ ಮುಂದಿನಿಂದ ಬಂದ ವೈರ್ ನಾಕ ಜೋಡಿ. ಪವರ್ ಸ್ವಿಚ್, ರಿಸೆಟ್ ಸ್ವಿಚ್, ಪವರ್ ಎಲ್‌ಇಡಿ, ಎಚ್‌ಡಿಡಿ ಎಲ್‌ಇಡಿ. ಮನ್ಯಾಗಿನ ಪಿಸಿಗೆ ಇಷ್ಟ ಇರ್ತಾವ. ಬೋರ್ಡಿನ್ಯಾಗ ಇರೋದು ಜೆಎಫ್1 ಅನ್ನೋ 20 ಪಿನ್ನಿನ ಹೆಡರ್ (ವೈರ್ ಚುಚ್ಚೋ ಪಿನ್ನಿನ ಗುಂಪು), ಎರಡು ಸಾಲು, ಪಿನ್ನಿನಿಂದ ಪಿನ್ನಿಗೆ 2.54 ಮಿಲಿಮೀಟರ್. ಇದನ್ನ ಜೋಡಿ ಜೋಡಿಯಾಗಿ ಓದಬೇಕು. 1-2 ಪವರ್ ಬಟನ್, 3-4 ರಿಸೆಟ್, 5-6 ಪವರ್ ಫೇಲ್ ದೀಪ, 7-8 ತೊಂದರಿ ಹೇಳೋ ಇನ್ಫೋ ದೀಪ, 9-10 ಎರಡನೇ ಲ್ಯಾನಿನ (ನೆಟ್‌ವರ್ಕ್ ಪೋರ್ಟಿನ) ದೀಪ, 11-12 ಮೊದಲನೇ ಲ್ಯಾನಿನ ದೀಪ, 13-14 ಡಿಸ್ಕ್ ದೀಪ, 15-16 ಪವರ್ ದೀಪ. 17-18 ಜಾಗಾದಾಗ ಪಿನ್ನೇ ಇಲ್ಲ, ಬಾಯಾಗಿನ ಹಲ್ಲು ಬಿದ್ದಂಗ ಖಾಲಿ. 19-20 ಎನ್‌ಎಂಐ, ಅದು ನಮಗ ಬ್ಯಾಡ. ಈ 17-18 ಖಾಲಿ ಜಾಗಾ ಮುಂದ ನನಗ ಎರಡು ತಾಸು ಕುಣಿಸ್ತು, ಹೇಳ್ತೇನಿ ತಡೀರಿ.

ಮೊದಲು ಏನೂ ಹಚ್ಚದ ಸ್ಕ್ರೂಡ್ರೈವರ್ ತುದಿಯಿಂದ 1 ಮತ್ತ 2ನ್ನ ಒಂದು ಕ್ಷಣ ಕೂಡಿಸಿದೆ. ಮಷಿನ್ ಚಾಲೂ ಆತು. ಪವರ್ ಬಟನ್ ಅಂದ್ರ ಇಷ್ಟ ರೀ, ಒತ್ತಿದಾಗ ಎರಡು ಪಿನ್ ಕೂಡಿಸಿ ಬಿಡೋದು. ಅದಕ್ಕ ಪ್ಲಸ್ ಮೈನಸ್ ಇಲ್ಲ, ಹೆಂಗ ಹಚ್ಚಿದ್ರೂ ನಡೀತೈತಿ. ಎಲ್‌ಇಡಿಗೆ ಮಾತ್ರ ದಿಕ್ಕು ಐತಿ, ಉಲ್ಟಾ ಹಚ್ಚಿದ್ರ ಸುಡಾಂಗಿಲ್ಲ, ಸುಮ್ಮ ಹತ್ತಾಂಗಿಲ್ಲ ಅಷ್ಟ. ಹೊಸದಾಗಿ ಬೋರ್ಡ್ ತಂದಾವ್ರು ಯಾರರ ಇದ್ರ ಮೊದಲು ಹಿಂಗ ಸ್ಕ್ರೂಡ್ರೈವರ್‌ಲೇ ಚಾಲೂ ಮಾಡಿ ನೋಡ್ರಿ, ಆಮ್ಯಾಲ ತಪ್ಪು ಬೋರ್ಡಿಂದೋ ವೈರಿಂದೋ ಅಂತ ತಲಿ ಕೆಡಿಸ್ಕೊಳ್ಳೋದು ಉಳಿತೈತಿ.

ಕೇಸಿನ ಪವರ್ ಎಲ್‌ಇಡಿ ವೈರಿನ ತುದಿ ಮೂರು ತೂತಿಂದು, ನಡುವಿಂದು ಖಾಲಿ. ಹಳೆ ಕೇಸಿನ್ಯಾಗ ಹಿಂಗ ಇರ್ತೈತಿ. ಜೆಎಫ್1ನ್ಯಾಗ ಎರಡು ಪಿನ್ ಬಾಜೂಬಾಜೂಕ್ಕ ಇರೋದ್ರಿಂದ ಇದು ಕೂಡಾಂಗಿಲ್ಲ. ಕತ್ತರಿಸಿ ಬೆಸುಗಿ ಹಾಕೋ ಗರಜಿಲ್ಲ. ಕರಿ ಪ್ಲಾಸ್ಟಿಕ್ಕಿನ ಬಾಜೂಕ್ಕ ಸಣ್ಣ ಕಿಟಕಿ ಇರ್ತೈತಿ, ಅದರ ಮ್ಯಾಲ ತೆಳ್ಳಗ ಒಂದು ನಾಲಿಗಿ, ಹೊಲಿಯೋ ಸೂಜಿಲೇ ಅದನ್ನ ಕೂದಲದಷ್ಟು ಮ್ಯಾಲ ಎತ್ತಿ ವೈರ್ ಹಿಂದಕ್ಕ ಜಗ್ಗಿದ್ರ ಲೋಹದ ತುದಿ ಹೊರಗ ಜಾರಿ ಬರ್ತೈತಿ. ಹೆಚ್ಚು ಎತ್ತಿದ್ರಿ ನಾಲಿಗಿ ಮುರೀತೈತಿ, ನಂದು ಒಂದು ಮುರೀತು. ಹಂಗ ತಗದು ಎರಡು ತೂತಿನ ಪ್ಲಗ್ಗಿಗೆ ತುರುಕಿದೆ, ಟಕ್ ಅಂತ ಕುಂತ್ತು. ಯಾವ ವೈರ್ ಪ್ಲಸ್ ಅಂತ ಸಂಶೆ ಬಂದ್ರ 2032 ನಾಣ್ಯದ ಸೆಲ್ ಹಿಡೀರಿ, ಮೂರು ವೋಲ್ಟಿಂದು, ಹತ್ತಿತು ಅಂದ್ರ ಸೆಲ್ಲಿನ ಪ್ಲಸ್ ಕಡೆ ಇದ್ದದ್ದ ಪ್ಲಸ್. ಮಲ್ಟಿಮೀಟರಿನ ಡಯೋಡ್ ಮೋಡಿನ್ಯಾಗೂ ಮಂದಗ ಹತ್ತತಾವ.

ನಾಕೂ ಹಚ್ಚಿದೆ, ನಾಕೂ ಕೆಲಸ ಮಾಡಿದವು. ಆದ್ರ ಕೂತು ನೋಡಿದೆ, ಇದರಾಗ ಫ್ಯಾನ್ ನಿಂತಿದ್ದು ಹೇಳೋ ದೀಪ ಎಲ್ಲೈತಿ? ಇಲ್ಲ. ಹಳೆ ಸರ್ವರಿಗಿಂತ ಎರಡು ದೀಪ ಹೆಚ್ಚಾದವು, ಆದ್ರ ಕಾಕಾಗ ಉಪಯೋಗ ಆಗೋದು ಒಂದೂ ಇಲ್ಲ.

7-8ಕ್ಕ ಒಂದು ಕೆಂಪು ಎಲ್‌ಇಡಿ ತಂದು ಹಚ್ಚೋಣು ಅಂದ್ಕೊಂಡೆ. ಆದ್ರ ಆ ಜೋಡಿ ಉಳಿದವುಗಳಂಗ ಸೀದಾ ಇಲ್ಲ, ಒಂದ ದೀಪದಾಗ ಕೆಂಪೂ ಐತಿ ನೀಲಿನೂ ಐತಿ. ಪೂರಾ ಹತ್ತಿದ ಕೆಂಪು ಅಂದ್ರ ಕಾಯ್ದೈತಿ. ಸೆಕೆಂಡಿಗೊಮ್ಮೆ ಮಿಣುಕೋ ಕೆಂಪು ಅಂದ್ರ ಫ್ಯಾನ್ ಕೆಟ್ಟೈತಿ. ನಾಕು ಸೆಕೆಂಡಿಗೊಮ್ಮೆ ಸಾವಕಾಶ ಮಿಣುಕಿದ್ರ ಪವರ್ ಸಪ್ಲೈ ತೊಂದರಿ. ನೀಲಿ ಹತ್ತಿದ್ರ ಯಾರೋ ಈ ಮಷಿನ್ ಯಾವುದು ಅಂತ ಗುರ್ತು ಹಾಕ್ಯಾರ ಅಂತ ಅರ್ಥ, ದೂರದಿಂದ ಹಾಕಿದ್ರ ನೀಲಿ ಮಿಣುಕತೈತಿ. ಇದೆಲ್ಲಾ ಒಂದ ದೀಪದಾಗ. ಕಾಯ್ದಿದ್ದಕ್ಕ ಕಾರಣ ಹೇಳೋ ಮುಂದ ಕಂಪನಿ ಮ್ಯಾನ್ಯುಯಲ್ಲಿನ್ಯಾಗ "ಒಳಗ ವೈರ್ ಗಿಜಿಗಿಜಿ ಆಗಿರಬಹುದು" ಅನ್ನೋ ಅರ್ಥದ ಮಾತೂ ಬರೆದಾರ, ಓದಿ ನನ್ನ ಕೇಸಿನ ಒಳಗ ಒಮ್ಮೆ ನೋಡಿ ಸುಮ್ಮಾದೆ.

ಬಿಡಿ ಎಲ್‌ಇಡಿ ಉಸಾಬರಿ ಬಿಟ್ಟು ಸೂಪರ್‌ಮೈಕ್ರೊದ್ದ 2ಯು ಕೇಸಿನ ಮುಂದ ಇರೋ ಸಣ್ಣ ಬೋರ್ಡ್ ಹುಡುಕಿದೆ. ಬಸ್ ಟಿಕೆಟಿಗಿಂತ ಸ್ವಲ್ಪ ದೊಡ್ಡದು, ಅದರ ಮ್ಯಾಲ ಆರು ದೀಪ, ಎರಡು ಬಟನ್. ಎಂಟು ಸಾಮಾನು, ಒಂದೊಂದಕ್ಕ ಎರಡು, ಹದಿನಾರು ವೈರಿನ ಚಪ್ಪಟಿ ಪಟ್ಟಿ, ಜೆಎಫ್1ರ 1ರಿಂದ 16ಕ್ಕ ಸೀದಾ ಕುಂದರ್ತೈತಿ. ಗುಜರಿಗೆ ಹೊಂಟ ಒಂದು ಡಬ್ಬಿಯಿಂದ ಸಿಕ್ಕಿತು, ಪಟ್ಟಿ ಸಮೇತ.

ಕೂಡಿಸೋದು ಬಡಿಗತನದ ಕೆಲಸ. ಮುಂದಿನ ತಗಡಿನ್ಯಾಗ ದೀಪಕ್ಕ ಆರು ತೂತು, ಬಟನ್ನಿಗೆ ಎರಡು. ಮೊದಲು ಕಾಗದದ ಮ್ಯಾಲ ಬೋರ್ಡ್ ಇಟ್ಟು ಪೆನ್ಸಿಲ್‌ಲೇ ಗುರ್ತು ಹಾಕಿ, ಅದನ್ನ ತಗಡಿಗೆ ಅಂಟಿಸಿ ಡ್ರಿಲ್ ಹಾಕಿದೆ, ಮದರ್‌ಬೋರ್ಡ್ ಹೊರಗ ತಗದಿಟ್ಟು. ಇದನ್ನ ಮರೀಬ್ಯಾಡ್ರಿ, ತಗಡಿನ ಚೂರು ಒಂದು ಬೋರ್ಡಿನ ಕೆಳಗ ಹೋತಂದ್ರ ಮುಗೀತು. ಬೋರ್ಡಿನ ಬೆನ್ನಿಗೆ ತಗಡು ತಾಗಬಾರದು ಅಂತ ಕಾಕಾನ ಪ್ರೆಸ್ಸಿನ ಐಡಿ ಕಾರ್ಡ್ ಲ್ಯಾಮಿನೇಷನ್ ಶೀಟಿನ ತುಂಡು ನಡುವ ಹಾಕಿದೆ, ಅಲ್ಲಿ ಅದು ಕಸದಾಗ ಬಿದ್ದಿರ್ತೈತಿ.

ಪಟ್ಟಿಯ ಒಂದು ಅಂಚಿನ ವೈರ್ ಕೆಂಪು, ಅದು 1ನೇ ಪಿನ್ ಕಡೆ. ಮೊಬೈಲ್ ಟಾರ್ಚ್ ಹಲ್ಲಾಗ ಹಿಡಕೊಂಡು, ಬಗ್ಗಿ, ಕೆಂಪು 1ರ ಕಡೆ ಮಾಡಿ ಒತ್ತಿದೆ. ಛಲೋ ಕುಂತ್ತು. ಮುಚ್ಚಳ ಹಾಕಿ, ಕರೆಂಟ್ ಕೊಟ್ಟು, ಭಾಳ ಹೆಮ್ಮೀಲೇ ಮುಂದಿನ ಬಟನ್ ಒತ್ತಿದೆ.

ಏನೂ ಇಲ್ಲ.

ಮತ್ತ ಒತ್ತಿದೆ. ಇಲ್ಲ. ಲ್ಯಾಪ್‌ಟಾಪಿಂದ ಐಪಿಎಂಐ ಒಳಗ ಹೋಗಿ ಪವರ್ ಆನ್ ಕೊಟ್ಟೆ, ಚಾಲೂ ಆತು. ಹಂಗಾದ್ರ ಬೋರ್ಡ್ ಛಲೋ ಐತಿ, ಬಟನ್ ಕೆಟ್ಟೈತಿ ಅಂದ್ಕೊಂಡೆ. ಡೆಬಿಯನ್ ಲಿನಕ್ಸ್ ಬೂಟ್ ಆಗೋ ಮುಂದ ಸಿಟ್ಟಿಲೇ ಮತ್ತೊಮ್ಮೆ ಬಟನ್ ಒತ್ತಿದೆ, ಮಷಿನ್ ಧಪ್ ಅಂತ ರೀಸ್ಟಾರ್ಟ್ ಆತು. ಇದೇನಿದು? ಆಫ್ ಇದ್ದಾಗ ಸತ್ತ ಬಟನ್, ಆನ್ ಇದ್ದಾಗ ಜೀವಂತ.

ದೀಪ ನೋಡಿದೆ. ಪವರ್ ದೀಪ ಹತ್ತವಲ್ದು. ಡಿಸ್ಕ್ ದೀಪ ಮಿಣುಕದ ಒಂದ ಸಮ ಹತ್ತಿ ನಿಂತೈತಿ. ಅದಕ್ಕಿಂತ ವಿಚಿತ್ರ, ಮೊದಲನೇ ಲ್ಯಾನ್ ದೀಪ ಪಟಪಟ ಮಿಣುಕ್ಲಿಕ್ಕತ್ತೈತಿ, ಆದ್ರ ಆ ಲ್ಯಾನಿಗೆ ನಾ ಕೇಬಲ್ಲೇ ಹಚ್ಚಿಲ್ಲ! ಹಚ್ಚಿದ್ದು ಐಪಿಎಂಐ ಪೋರ್ಟಿಗೆ ಮಾತ್ರ. ಚಹಾ ಕುಡೀಲಿಕ್ಕೆ ಹೋದೆ. ಅವ್ವ ಗಿರ್ಮಿಟ್ ಕಲಸಿದ್ಲು, ತಿನ್ನಕೋತ ಹಳೆ ಲಗ್ನಪತ್ರಿಕಿ ಹಿಂದ ಎರಡು ಸಾಲು ಬರದೆ. ಒಂದು ಸಾಲು ಪಟ್ಟಿಯ ಜೋಡಿಗಳು, ಇನ್ನೊಂದು ಅವು ಏನು ಮಾಡ್ಲಿಕ್ಕತ್ತಾವ ಅಂತ.

ಪವರ್ ಬಟನ್ ರಿಸೆಟ್ ಕೆಲಸ ಮಾಡ್ಲಿಕ್ಕತ್ತೈತಿ. ಡಿಸ್ಕ್ ದೀಪ ಪವರ್ ದೀಪದಂಗ ನಿಂತೈತಿ. ಲ್ಯಾನ್ ದೀಪ ಡಿಸ್ಕಿನಂಗ ಮಿಣುಕತೈತಿ. ಪವರ್ ದೀಪಕ್ಕ ಏನೂ ಸಿಕ್ಕಿಲ್ಲ. ಬರದು ಮುಗಿಸೋದ್ರಾಗ ನಕ್ಕೆ. ಪ್ಲಗ್ ಪೂರಾ ಒಂದು ಜೋಡಿ ಆಚೆ ಸರದು ಕುಂತಿತ್ತು. 1-2ರ ವೈರ್ 3-4ಕ್ಕ, ಅದು ರಿಸೆಟ್. 13-14ರದ್ದು 15-16ಕ್ಕ, 11-12ರದ್ದು 13-14ಕ್ಕ. ಕೊನೀ ಜೋಡಿ 17-18ರ ಮ್ಯಾಲ, ಅಲ್ಲಿ ಪಿನ್ನೇ ಇಲ್ಲ, ಹಿಂಗಾಗಿ ಅಡ್ಡ ಬರದ ಆರಾಮ ಕುಂತುಬಿಟ್ಟಿತ್ತು. ಅಲ್ಲೊಂದು ಪಿನ್ ಇದ್ದಿದ್ರ ಆದ್ರೂ ಕೈಗೆ ಬಿರುಸು ಹತ್ತಿ ಗೊತ್ತಾಗತಿತ್ತು. ಬೋರ್ಡಿನ ಆ ಕಡೆಯಿಂದ ಹಲ್ಲುಜ್ಜೋ ಬ್ರಷ್ ಹಿಡಿಕಿಗೆ ಅಂಟಿಸಿದ ಸಣ್ಣ ಕನ್ನಡಿ ಹಿಡದು ನೋಡಿದೆ, 1 ಮತ್ತ 2 ಹೊರಗ ಬರಿಮೈಲೇ ನಿಂತಿದ್ವು.

ಪ್ಲಗ್ಗಿನ ಎರಡೂ ಬದಿ ಹಿಡದು ಕಿತ್ತು, ಸರಿಸಿ ಹಾಕಿದೆ. ವೈರ್ ಹಿಡದು ಜಗ್ಗಬ್ಯಾಡ್ರಿ, ಪಟ್ಟಿ ಪ್ಲಗ್ಗಿನಿಂದ ಬಿಟ್ಟುಹೋಗತೈತಿ. ಈ ಸಲ ಮುಚ್ಚಳ ಹಾಕೋ ಮೊದಲ ಪಿನ್ 1ರ ಮೂಲ್ಯಾಗ ವೈಟ್ನರ್‌ಲೇ ಒಂದು ಚುಕ್ಕಿ ಇಟ್ಟೆ, ಪ್ಲಗ್ಗಿಗೂ ಒಂದು. ಎರಡು ಚುಕ್ಕಿ ಎದುರುಬದುರು ಆಗಬೇಕು.

ಡಿಸ್ಕಿನ ಕಡೆ ಆದ ಇನ್ನೊಂದು ಪಜೀತಿ ಚುಟುಕಾಗಿ ಹೇಳ್ತೇನಿ. ಬೋರ್ಡಿನ್ಯಾಗ ಡಿಸ್ಕ್ ಹಚ್ಚೋ ಸಾಟಾ ಪೋರ್ಟು, ಬ್ಯಾಕ್‌ಪ್ಲೇನಿನ್ಯಾಗ ನಾಕು ಡಿಸ್ಕಿನ ವೈರ್ ಒಟ್ಟಿಗೆ ಹಾಯೋ ಒಂದ ದೊಡ್ಡ 8087 ಸಾಕೆಟ್. ಒಂದು ತುದಿ 8087, ಇನ್ನೊಂದು ತುದಿ ನಾಕು ಸಾಟಾ ಇರೋ ಕೇಬಲ್ ತರಿಸಿದೆ, ಹಚ್ಚಿದ್ರ ಒಂದೂ ಡಿಸ್ಕ್ ಕಾಣವಲ್ದು. ಈ ಕೇಬಲ್ಲಿನ್ಯಾಗ ಎರಡು ಜಾತಿ, ಫಾರ್ವರ್ಡ್ ಮತ್ತ ರಿವರ್ಸ್, ನೋಡಾಕ ಅವಳಿಜವಳಿ. 8087 ಇರೋ ಡಿಸ್ಕ್ ಕಾರ್ಡಿನಿಂದ ಬಿಡಿ ಡಿಸ್ಕಿಗೆ ಹೋಗೋದು ಫಾರ್ವರ್ಡ್. ಬೋರ್ಡಿನ ಸಾಟಾದಿಂದ ಬ್ಯಾಕ್‌ಪ್ಲೇನಿಗೆ ಬರೋದು ರಿವರ್ಸ್. ನನಗ ಬೇಕಾದ್ದು ರಿವರ್ಸ್, ಬಂದದ್ದು ಫಾರ್ವರ್ಡ್, ಆರ್ಡರ್ ಮಾಡಿದಾವನೂ ನಾನ, ಯಾರಿಗೆ ಬೈಯಲಿ. ಇನ್ನೊಂದು ಮಾತು, ಮುಂದ ಯಾವಾಗರ ಡಿಸ್ಕ್ ಎಲ್ಲಾ ಬ್ಯಾರೆ ಎಚ್‌ಬಿಎ ಕಾರ್ಡಿಗೆ (ಡಿಸ್ಕ್ ಹಚ್ಚೋ ಬಿಡಿ ಕಾರ್ಡ್) ಹಾಕಿದ್ರಿ ಅಂದ್ರ ಜೆಎಫ್1ರ ಡಿಸ್ಕ್ ದೀಪ ಸುಮ್ಮಾಗತೈತಿ, ಅದಕ್ಕ ಗೊತ್ತಿರೋದು ಬೋರ್ಡಿನ ಸ್ವಂತ ಸಾಟಾ ಮಾತ್ರ. ದೀಪ ಕೆಟ್ಟಿತು ಅಂತ ಕಿತ್ತು ನೋಡಬ್ಯಾಡ್ರಿ.

ಎಲ್ಲಾ ಸರಿ ಆತು ಅನ್ನೋದ್ರಾಗ ಇನ್ಫೋ ದೀಪ ತನ್ನ ಮೊದಲ ದೂರು ಕೊಟ್ತು, ಅದೂ ನನ್ನ ಮ್ಯಾಲ. ಕೇಸಿನ ಹಳೆ ಫ್ಯಾನ್ ಹಿಟ್ಟಿನ ಗಿರಣಿಯಂಗ ಒದರತಾವ ಅಂತ ಸಾವಕಾಶ ತಿರುಗೋ ಫ್ಯಾನ್ ಹಾಕಿದ್ದೆ. ಸ್ವಲ್ಪ ಹೊತ್ತು ಶಾಂತ, ಆಮ್ಯಾಲ ಎಲ್ಲಾ ಫ್ಯಾನ್ ಪೂರಾ ಜೋರು, ಮತ್ತ ಇಳಿಯೋದು, ಮತ್ತ ಏರೋದು, ಕಪ್ಪತಗುಡ್ಡದ ಗಾಳಿ ಬಂದ್ಹಂಗ. ಜೋಡಿಗೆ ಕೆಂಪು ಮಿಣುಕ್ ಮಿಣುಕ್, ಸೆಕೆಂಡಿಗೊಮ್ಮೆ. ಕಾರಣ ಏನಂದ್ರ ಬೋರ್ಡಿನ ಬಿಎಂಸಿ (ಐಪಿಎಂಐ ನಡಸೋ ಚಿಪ್) ಪ್ರತಿ ಫ್ಯಾನಿಗೂ ಒಂದು ಕನಿಷ್ಠ ವೇಗ ಇಟ್ಟಿರ್ತೈತಿ, ನನ್ನ ಬೋರ್ಡಿನ್ಯಾಗ ನಿಮಿಷಕ್ಕ 300, 500, 700 ಸುತ್ತು ಅಂತ ಮೂರು ಮೆಟ್ಟಲ. ನನ್ನ ಫ್ಯಾನ್ 400ರ ಆಸುಪಾಸು ಇಳೀತಿದ್ವು. ಅದು ಕಂಡ ಕೂಡಲೇ ಬಿಎಂಸಿ ಫ್ಯಾನ್ ಸತ್ತಿತು ಅಂದ್ಕೊಂಡು ಎಲ್ಲಾ ಜೋರು ಮಾಡತೈತಿ, ಜೋರಾದ ಮ್ಯಾಲ ವೇಗ ಸರಿ ಕಂಡು ಬಿಡತೈತಿ, ಬಿಟ್ರ ಮತ್ತ ಇಳೀತೈತಿ. ಲಿನಕ್ಸಿನ್ಯಾಗ ಐಪಿಎಂಐಟೂಲ್ ಹಾಕಿ, ಅದರ ಸೆನ್ಸರ್ ಥ್ರೆಶ್ ಕಮಾಂಡಿಗೆ ಫ್ಯಾನಿನ ಹೆಸರು, ಲೋವರ್, ಆಮ್ಯಾಲ 100 200 300 ಅಂತ ಕೊಟ್ಟೆ, ನಾಕೂ ಫ್ಯಾನಿಗೆ ಬ್ಯಾರೆ ಬ್ಯಾರೆಯಾಗಿ. ಕೆಂಪು ಆರಿತು. ಹಂಗಂತ ಸೊನ್ನಿಗೆ ಇಳಸಬ್ಯಾಡ್ರಿ, ನಿಂತ ಫ್ಯಾನ್ ಗೊತ್ತಾಗೋದು ಈ ಲೆಕ್ಕದಿಂದನ. ಖಾತ್ರಿಗೆ ಒಂದು ಫ್ಯಾನಿನ ಪ್ಲಗ್ ಕಿತ್ತೆ, ಕೆಂಪು ಮಿಣುಕಲಿಕ್ಕೆ ಶುರು ಆತು, ಹಾಕಿದೆ, ನಿಂತಿತು. ನೀಲಿನೂ ನೋಡಿದೆ, ಚಾಸಿಸ್ ಐಡೆಂಟಿಫೈ ಕಮಾಂಡ್ ಕೊಟ್ರ ಸ್ವಲ್ಪ ಹೊತ್ತು ಮಿಣುಕಿ ತಾನ ಆರತೈತಿ.

ಬಯಾಸಿನ್ಯಾಗ ಎರಡು ಬದಲಿ. ಪವರ್ ಬಟನ್ ನಾಕು ಸೆಕೆಂಡ್ ಹಿಡದ್ರ ಮಾತ್ರ ಆಫ್ ಆಗೋ ಹಂಗ, ಪ್ರೆಸ್ಸಿಗೆ ಬಂದ ಗಿರಾಕಿ ಮಕ್ಕಳು ಹತ್ತೋ ದೀಪ ಕಂಡ್ರ ಒತ್ತೇ ಒತ್ತತಾವ. ಮತ್ತ ಕರೆಂಟ್ ಹೋಗಿ ಬಂದ್ರ ತಾನ ಚಾಲೂ ಆಗೋ ಹಂಗ.

ಗದಗಿಗೆ ಒಯ್ದು ಕೂಡಿಸಿದ ದಿನ ಕಾಕಾ ವಿನೈಲ್ ಸ್ಟಿಕರ್ ತಾವ ಕತ್ತರಿಸಿ ಕೊಟ್ರು, ದೀಪದ ಕೆಳಗ ಕನ್ನಡದಾಗ "ಕರೆಂಟ್", "ಡಿಸ್ಕ್", "ನೆಟ್ 1", "ನೆಟ್ 2", "ತೊಂದರೆ". ಆರನೇದು ಪವರ್ ಫೇಲ್, ಅದು ಎರಡು ಪವರ್ ಸಪ್ಲೈ ಇದ್ದ ಮಷಿನ್ನಿಗೆ ಉಪಯೋಗ, ನಮ್ಮದ್ರಾಗ ಒಂದ ಐತಿ, ಅದರ ಕೆಳಗ ಏನು ಬರೀಲಿ ಅಂದ್ರು, ಖಾಲಿ ಬಿಡ್ರಿ ಅಂದೆ. ಫಾಂಟ್ ಯಾವುದು ಅಂತ ಅರ್ಧ ತಾಸು ಚರ್ಚಾ ಆತು, ಸರ್ವರ್ ಕೂಡಿಸಲಿಕ್ಕೆ ಹಿಡದದ್ದು ಅದಕ್ಕಿಂತ ಕಡಿಮಿ.

ಮೂರನೇ ವಾರ ಮುಂಜಾನೆ ಹತ್ತಕ್ಕ ಫೋನ್ ಬಂತು. ಆಪರೇಟರ್ ಹುಡುಗ.

"ಸರ್, ತೊಂದರೆ ಅನ್ನೂದು ಹತ್ತೈತ್ರಿ."

"ನಿಂತ ಹತ್ತೈತೋ, ಮಿಣುಕತೈತೋ?"

"ಮಿಣುಕತೈತ್ರಿ."

"ಗೋಡಿ ಗಡಿಯಾರ ನೋಡು. ಹತ್ತು ಸೆಕೆಂಡಿನ್ಯಾಗ ಎಷ್ಟ ಸಲ ಮಿಣುಕತೈತಿ ಎಣಸು."

ಆಚೆ ಕಡೆ ಮಷಿನ್ ಸಪ್ಪಳ, ನಡುವ ಅವನ ಎಣಿಕಿ. "ಹತ್ತ್ರಿ. ಒಂದು ಹೆಚ್ಚುಕಡಿಮಿ ಇರಬಹುದ್ರಿ."

ಎರಡೋ ಮೂರೋ ಅಂದಿದ್ರ ಪವರ್ ಸಪ್ಲೈ, ನಾ ಗಾಡಿ ತಗೀಬೇಕಾಗತಿತ್ತು. ಹತ್ತು ಅಂದ್ರ ಫ್ಯಾನ್. ಐಪಿಎಂಐ ಒಳಗ ನೋಡಿದೆ, ಮೂರನೇ ಫ್ಯಾನ್ ಸೊನ್ನಿ. ಬಂದ್ ಮಾಡಿಸಿ, ವೈರ್ ಕೀಳಿಸಿ, ಮುಚ್ಚಳ ತಗಸಿದೆ. "ಎಡಗಡಿಯಿಂದ ಮೂರನೇದು ನೋಡು, ಬಟ್ಟಲೇ ತಿರುಗಸು."

"ತಿರಗವಲ್ದ್ರಿ... ತಡೀರಿ, ಬೈಂಡಿಂಗ್ ದಾರ ಸುತ್ತೈತ್ರಿ ಇದಕ್ಕ."

ಹಿಂದಿನ ದಿನ ಬಿಲ್ ಬುಕ್ ಹೊಲಿಗಿ ಅಲ್ಲೇ ಸರ್ವರ್ ಮುಂದ ಕುಂತು ಹಾಕ್ಯಾರಂತ. ದಾರ ಬಿಡಿಸಿ, ಮುಚ್ಚಿ, ಚಾಲೂ ಮಾಡಿದ, ಕೆಂಪು ಬರಲಿಲ್ಲ. ಮುಂದಿನ ತಗಡಿನ ಒಳಗಡೆ ಒಂದು ಸೊಳ್ಳಿ ಜಾಳಿಗಿ ತುಂಡು ಕೂಡಸಬೇಕು, ಮುಂದಿನ ಸಲ ಹೋದಾಗ. "ನೆಟ್ 2" ಯಾಕ ಹತ್ತವಲ್ದು ಅಂತ ಕಾಕಾ ಇನ್ನೂ ಕೇಳತಾರ, ಆ ಪೋರ್ಟಿಗೆ ಕೇಬಲ್ ಇಲ್ರಿ ಅಂದ್ರ, "ಸ್ಟಿಕರ್ ಕತ್ತರಿಸಿದ್ದು ದಂಡ ಆತಲ್ಲೋ ತಮ್ಮಾ, ಏನರ ಹಚ್ಚು" ಅಂತಾರ.